ನಾಲ್ಕೂವರೆಗೆ ಹಾಲು

ಮೊದಲು ಕಂಡದ್ದು ಒಂದು ಬಿಳಿ ಗೆರೆ. ಮಗಳ ಮೇಲಿನ ಮುಂದಿನ ಹಲ್ಲುಗಳು ವಸಡಿಗೆ ಸೇರುವ ಕಡೆ, ಸೀಮೆಸುಣ್ಣದಿಂದ ಎಳೆದ ಹಾಗೆ ಇತ್ತು. ಆಗ ಅವಳಿಗೆ ಎರಡು ವರ್ಷವೂ ತುಂಬಿರಲಿಲ್ಲ. ಹಾಲಿನ ಕೆನೆ ಅಂಟಿಕೊಂಡಿದೆ ಎಂದುಕೊಂಡು ಸೆರಗಿನ ತುದಿಯಿಂದ ಒರೆಸಿದೆ. ಹೋಗಲಿಲ್ಲ.

ಇದನ್ನು ಹೀಗೆಯೇ ಎಷ್ಟೋ ಜನರಿಗೆ ಹೇಳಿದ್ದೇನೆ. ಈಗ ಬರೆಯಲು ಕೂತರೆ ಆ ಸೆರಗು ಅಡ್ಡ ಬರುತ್ತದೆ. ನಾನು ಮನೆಯಲ್ಲಿ ಸೀರೆ ಉಡುವವಳಲ್ಲ. ಒರೆಸಿದವರು ನನ್ನ ಅತ್ತೆಯೇ ಇರಬೇಕು. ನಾನು ಪಕ್ಕದಲ್ಲಿ ನಿಂತು ನೋಡಿರಬೇಕು, ಇಲ್ಲವೇ ಆಮೇಲೆ ಅವರು ಹೇಳಿದ್ದನ್ನು ಕೇಳಿರಬೇಕು. ಮನಸ್ಸು ಅತ್ತೆಯ ಕೈ ತೆಗೆದು ಅಲ್ಲಿ ನನ್ನ ಕೈ ಇಟ್ಟಿದೆ. ಮುಂದೆ ಒಂದು ಕಡೆ ಇದರ ತದ್ವಿರುದ್ಧ ಕೆಲಸವನ್ನು ನಾನು ಪೂರ್ತಿ ಎಚ್ಚರವಿದ್ದೇ, ಕಾಗದದ ಮೇಲೆ, ಪೆನ್ನಿನಲ್ಲಿ ಮಾಡಿದೆ. ಆದ್ದರಿಂದ ಇಲ್ಲಿ ಎಲ್ಲಿ ಅನುಮಾನವಿದೆಯೋ ಅಲ್ಲಿ ಅನುಮಾನ ಎಂದೇ ಬರೆಯುತ್ತೇನೆ.

ನಜರ್‌ಬಾದಿನಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಗಂಡ ಮಹೇಶ ಹೋಟೆಲುಗಳ ಲಿಫ್ಟ್ ರಿಪೇರಿ ಮಾಡುತ್ತಾರೆ. ಎಲ್ಲೋ ಯಾರೋ ಸಿಕ್ಕಿಹಾಕಿಕೊಂಡರೆ ಊಟದ ತಟ್ಟೆ ಬಿಟ್ಟು ಎದ್ದು ಹೋಗಬೇಕು. ನಾನು ಮುಂದಿನ ಕೋಣೆಯಲ್ಲಿ ಟ್ಯೂಷನ್ ಹೇಳುತ್ತೇನೆ. ಸಂಜೆ ನಾಲ್ಕೂವರೆಯಿಂದ ಏಳೂವರೆ, ಐದರಿಂದ ಏಳನೇ ಕ್ಲಾಸಿನವರೆಗಿನ ಮಕ್ಕಳು, ಆಗ ಹದಿನಾಲ್ಕು. ಮಗಳು ಇಂಚರ. ಅತ್ತೆ ಕೆಂಪಮ್ಮ ಎರಡು ಬೀದಿ ಆಚೆ ತಮ್ಮ ಮಗಳ ಮನೆಯಲ್ಲಿರುತ್ತಾರೆ. ದಿನವೂ ಮಧ್ಯಾಹ್ನ ಬಂದು, ಮೊಮ್ಮಗಳನ್ನು ಎತ್ತಿಕೊಂಡು ಬೀದಿ ಸುತ್ತಿ, ಅವಳನ್ನು ಒಳಕೋಣೆಯಲ್ಲಿ ಕೂರಿಸಿ, ಪಾತ್ರೆ ತೊಳೆದಿಟ್ಟು ಹೋಗುತ್ತಿದ್ದರು. ಬರುವಾಗ ಸೆರಗಿನ ತುದಿಯಲ್ಲಿ ಒಂದು ಗಂಟು. ಅದರಲ್ಲಿ ಕಾಗದದಲ್ಲಿ ಸುತ್ತಿದ ಒಂದು ಕೊಬ್ಬರಿ ಮಿಠಾಯಿ. ಇಂಚರ ಗಂಟು ಬಿಚ್ಚಲು ಕಲಿತದ್ದು ಮಾತು ಕಲಿಯುವುದಕ್ಕೂ ಮೊದಲು.

ಬಿಳಿ ಗೆರೆ ಹಳದಿಯಾಯಿತು, ಆಮೇಲೆ ಕಂದು. ರಕ್ತಕ್ಕೆ ಅಂತ ಕೊಡುತ್ತಿದ್ದ ಟಾನಿಕ್‌ನ ಕಲೆ ಎಂದುಕೊಂಡೆವು. ಟಾನಿಕ್ ಮುಗಿದು ಬಾಟಲಿಯನ್ನು ಎಸೆದಾದ ಮೇಲೂ ಟಾನಿಕ್‌ನ ಕಲೆ ಎಂದೇ ಹೇಳುತ್ತಿದ್ದೆವು. ಹಾಲುಹಲ್ಲು ತಾನೇ, ಬಿದ್ದು ಹೊಸದು ಬರುತ್ತೆ ಎಂದು ಹೇಳದವರೇ ಇಲ್ಲ. ಎದುರು ಮನೆಯವರು, ಔಷಧಿ ಅಂಗಡಿಯವರು, ನನ್ನ ತಾಯಿ, ಫೋನಿನಲ್ಲಿ ನನ್ನ ಅಕ್ಕ. ನಾನೂ ಹೇಳಿದೆ, ಬೇರೆ ಯಾರದೋ ಮಗುವಿನ ಬಗ್ಗೆ, ಬಹಳ ಧೈರ್ಯದಿಂದ.

ಮೂರೂವರೆ ವರ್ಷಕ್ಕೆ ಅನ್ನವನ್ನು ಬಾಯಲ್ಲೇ ಇಟ್ಟುಕೊಂಡು ಕೂರಲು ಶುರುಮಾಡಿದಳು. ಒಂದು ತುತ್ತು ಅರ್ಧ ಗಂಟೆ ಕೆನ್ನೆಯಲ್ಲಿ. ಹಟ ಎಂದುಕೊಂಡೆವು. ಒಮ್ಮೆ ನುಂಗು ಎಂದು ಬೆನ್ನಿಗೆ ಏಟು ಕೊಟ್ಟೆ. ಮಹೇಶ ಅಂಥದ್ದೇನೂ ಆಗಿಲ್ಲ ಎನ್ನುತ್ತಾರೆ. ಆಗಿದೆ. ಈ ವಿಷಯದಲ್ಲಿ ನನ್ನ ಅಂಗೈ ಮೇಲೆ ನನಗೆ ನಂಬಿಕೆ ಇದೆ. ಆ ವಾರವೇ ಹಲ್ಲುಜ್ಜಿಸಲು ತುಟಿ ಎತ್ತಿದಾಗ ಕಪ್ಪು ಹಲ್ಲಿನ ಮೇಲೆ ವಸಡಿನಲ್ಲಿ ಒಂದು ಕೀವಿನ ಗುಳ್ಳೆ ಕಂಡಿತು. ಅವಳು ತಿನ್ನದೆ ಇದ್ದದ್ದು ನೋವಿಗೆ. ನೋವು ಎನ್ನುವ ಮಾತು ಅವಳಿಗೆ ಗೊತ್ತಿತ್ತು, ಮೊಣಕಾಲಿಗೆ ಬಳಸುತ್ತಿದ್ದಳು. ಬಾಯಿ ಯಾವಾಗಲೂ ಹಾಗೇ ಇದ್ದದ್ದರಿಂದ ಎಲ್ಲರಿಗೂ ಹಾಗೇ ಇರುತ್ತದೆ ಎಂದುಕೊಂಡಿದ್ದಳೋ ಏನೋ.

ದಂತ ಕಾಲೇಜಿನ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗ ಮೊದಲ ಮಹಡಿ. ಗೋಡೆಯ ಮೇಲೆ ಬ್ರಷ್ ಹಿಡಿದ ಆನೆ. ಆನೆಗೆ ದಂತ ಇರಲಿಲ್ಲ. ಬಣ್ಣ ಬಳಿದವರು ಮರೆತಿದ್ದರೋ, ಸುಣ್ಣದ ಜೊತೆ ಉದುರಿತ್ತೋ. ಆ ಕಾರಿಡಾರಿನಲ್ಲಿ ಒಟ್ಟು ಎಷ್ಟು ಹೊತ್ತು ಕೂತಿದ್ದೇನೋ ಲೆಕ್ಕವಿಲ್ಲ. ಈಗ ನೆನೆದರೆ ಎಲ್ಲ ದಿನಗಳೂ ಒಂದೇ ಉದ್ದನೆಯ ದಿನದ ಹಾಗೆ ಕಾಣುತ್ತವೆ. ಪ್ಲಾಸ್ಟಿಕ್ ಕುರ್ಚಿ, ತೊಡೆಯ ಮೇಲೆ ಬೆವರಿದ ಮಗು, ಫೋನಿನಲ್ಲಿ ಓಡುವ ಕಾರ್ಟೂನು. ಒಳಗಿನಿಂದ ಒಂದು ಮಗು ಕಿರುಚಿದರೆ ಹೊರಗಿನ ಮಕ್ಕಳೆಲ್ಲ ಒಮ್ಮೆಲೇ ಸುಮ್ಮನಾಗುತ್ತಿದ್ದವು. ಆಗ ತಾಯಂದಿರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಡಾಕ್ಟರು ಸಹನಾ ಅಂತ, ಇನ್ನೂ ಓದುತ್ತಿದ್ದ ಹುಡುಗಿ, ನನಗಿಂತ ಚಿಕ್ಕವಳು. ನನ್ನ ಮಂಡಿಗೆ ತನ್ನ ಮಂಡಿ ತಾಗಿಸಿ ಎದುರು ಕೂತು, ಇಂಚರಳ ತಲೆಯನ್ನು ತನ್ನ ಮಡಿಲಿಗೆ ಇಳಿಸಿಕೊಂಡಳು. ಮಗು ನನ್ನ ಮುಖ ನೋಡುತ್ತಾ ಕಿರುಚುತ್ತಿತ್ತು. ಡಾಕ್ಟರು ಯಾವ ಅವಸರವಿಲ್ಲದೆ ಹಲ್ಲು ಎಣಿಸಿದಳು. ಮೇಲಿನ ಮುಂದಿನ ನಾಲ್ಕು ಉಳಿಯುವುದಿಲ್ಲ. ಹಿಂದಿನ ದವಡೆ ಹಲ್ಲು ಆರಕ್ಕೆ ಒಳಗಿನಿಂದ ಚಿಕಿತ್ಸೆ ಮಾಡಿ ಸ್ಟೀಲಿನ ಟೋಪಿ ಹಾಕಬೇಕು. ಇಷ್ಟು ಚಿಕ್ಕ ಮಗುವಿಗೆ, ಇಷ್ಟು ಕೆಲಸವನ್ನು, ಕುರ್ಚಿಯಲ್ಲಿ ಕೂರಿಸಿ ಮಾಡಲಾಗುವುದಿಲ್ಲ. ಪೂರ್ತಿ ಮಂಪರು ಕೊಟ್ಟು ಒಂದೇ ಸಲ ಮಾಡಬೇಕು.

ಪೂರ್ತಿ ಮಂಪರು ಎಂದಾಗ ನನ್ನ ಕಿವಿ ಮುಚ್ಚಿಕೊಂಡಿತು. ಆಮೇಲೆ ಅವಳು ಹೇಳಿದ್ದರಲ್ಲಿ ಅರ್ಧ ಗೊತ್ತಿಲ್ಲ. ರಾತ್ರಿ ಹಲ್ಲು ಯಾರು ಉಜ್ಜಿಸುತ್ತಾರೆ ಎಂದು ಕೇಳಿದಳು. ಅವಳೇ ಉಜ್ಜಿಕೊಳ್ಳುತ್ತಾಳೆ ಎಂದೆ, ಜಾಣೆ ಎನ್ನುವ ಧ್ವನಿಯಲ್ಲಿ. ನಿಜ ಹೇಳಬೇಕೆಂದರೆ ರಾತ್ರಿ ಯಾರೂ ಉಜ್ಜುತ್ತಿರಲಿಲ್ಲ, ನಾವೂ ಸೇರಿ.

ಕೊನೆಗೆ ಒಂದು ಹಾಳೆ ಕೊಟ್ಟಳು. ಮೂರು ದಿನದ್ದು. ಮೂರು ಕಾಲಮು: ಹೊತ್ತು, ಏನು, ಎಷ್ಟು. ಮಗುವಿನ ಬಾಯಿಗೆ ಹೋದದ್ದೆಲ್ಲ ಬರೆಯಬೇಕು, ನೀರು ಬಿಟ್ಟು.

"ಬೈಯೋಕಲ್ಲ ಕಣ್ರೀ ಇದು. ಈಗ ನಾನು ರಿಪೇರಿ ಮಾಡ್ತೀನಿ. ಕಾರಣ ಹಾಗೇ ಉಳಿದ್ರೆ ಮುಂದೆ ಬರೋ ಹಲ್ಲೂ ಹೀಗೇ ಹೋಗುತ್ತೆ. ಮತ್ತೆ ಮಂಪರು ಕೊಡಬೇಕಾಗುತ್ತೆ" ಎಂದಳು.

ಈಗ ನಾಲ್ಕೂವರೆಯ ವಿಷಯ.

ಇಂಚರ ಒಂದು ವರ್ಷದವಳಿದ್ದಾಗ ಟ್ಯೂಷನ್ ಶುರುಮಾಡಿದೆ. ಎರಡು ಕೋಣೆಗಳ ನಡುವೆ ಬಾಗಿಲಿಲ್ಲ, ಪರದೆ ಇದೆ. ಪರದೆಯಾಚೆ ಮಗು ಅತ್ತರೆ ಈಚೆ ಹದಿನಾಲ್ಕು ಮಕ್ಕಳು ಪುಸ್ತಕ ಮುಚ್ಚಿ ನಗುತ್ತಾರೆ. ಟ್ಯೂಷನ್ ಹೇಳುವ ಮನೆಯಲ್ಲಿ ಮಗು ಅಳಬಾರದು, ತಂದೆತಾಯಿ ಮೊದಲು ವಿಚಾರಿಸುವುದೇ ಅದು. ನಾನು ಕಂಡುಕೊಂಡ ಉಪಾಯ ಒಂದು ಸಿಪ್ಪರ್. ಗುಲಾಬಿ ಬಣ್ಣದ್ದು, ಕರಡಿಯ ಚಿತ್ರ, ಎಷ್ಟು ಬಗ್ಗಿಸಿದರೂ ಚೆಲ್ಲದ ಮೂತಿ. ಅದರ ತುಂಬ ಹಾಲು, ಎರಡು ಚಮಚ ಸಕ್ಕರೆ, ಒಂದು ಚಮಚ ಬಾದಾಮಿ ಪುಡಿ. ಅದನ್ನು ಕೈಗೆ ಕೊಟ್ಟು ದಿಂಬಿಗೆ ಒರಗಿಸಿದರೆ ಒಂದು ಗುಟುಕು ಕುಡಿದು, ಮೂತಿಯನ್ನು ಬಾಯಲ್ಲೇ ಇಟ್ಟುಕೊಂಡು, ಗೋಡೆ ನೋಡುತ್ತಾ ಮಲಗುತ್ತಿದ್ದಳು. ಮತ್ತೊಂದು ಗುಟುಕು. ಏಳೂವರೆಗೆ ನಾನು ಪರದೆ ಸರಿಸುವಾಗ ತಳದಲ್ಲಿ ಇನ್ನೂ ಸ್ವಲ್ಪ ಉಳಿದಿರುತ್ತಿತ್ತು. ಎಂಥ ಸುಮ್ಮನಿರುವ ಮಗು ಎಂದು ಎಲ್ಲರೂ ಹೊಗಳುತ್ತಿದ್ದರು. ಎರಡೂವರೆ ವರ್ಷ, ಭಾನುವಾರ ಬಿಟ್ಟು ಪ್ರತಿದಿನ.

ಹಾಳೆ ತುಂಬಿದವಳು ನಾನು. ಮನೆಯಲ್ಲಿ ಬರೆಯುವ ಕೆಲಸ ಯಾವಾಗಲೂ ನನ್ನದು. ಅತ್ತೆಯ ಮಿಠಾಯಿಯನ್ನು ಬರೆದೆ: ಮೂರು ಗಂಟೆಗೆ, ಕೊಬ್ಬರಿ ಮಿಠಾಯಿ, ಒಂದು. ಮೂರು ದಿನವೂ ಬರೆದೆ, ಚೊಕ್ಕ ಅಕ್ಷರದಲ್ಲಿ. ಅದರ ಕೆಳಗೆ ಬರೆದೆ: ನಾಲ್ಕೂವರೆಗೆ, ಹಾಲು, ಒಂದು ಲೋಟ.

ಇದರಲ್ಲಿ ಸುಳ್ಳು ಎಲ್ಲಿದೆ ಎಂದು ಯಾರಾದರೂ ಬೆರಳಿಟ್ಟು ತೋರಿಸಲಿ. ಹೊತ್ತು ಸರಿ. ಹಾಲು ಸರಿ. ಅಳತೆಯೂ ಒಂದು ಲೋಟವೇ. ಬರೆಯುವಾಗ ಪೆನ್ನು ಅಲ್ಲಿ ಒಂದು ಕ್ಷಣ ನಿಂತಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನಿಂತಿದ್ದು ನೆನಪಿಲ್ಲ. ಸಕ್ಕರೆ ಬಿಟ್ಟದ್ದು ಮಾತ್ರ ಗೊತ್ತಿದ್ದೇ ಬಿಟ್ಟೆ. ಹಾಲು ಎಂದರೆ ಸಕ್ಕರೆ ಇದ್ದೇ ಇರುತ್ತದೆ, ಅದನ್ನೇನು ಬರೆಯುವುದು ಎಂದು ಒಳಗೊಳಗೇ ಹೇಳಿಕೊಂಡೆ.

ಎರಡನೇ ಸಲ ಮೂವರೂ ಹೋದೆವು, ಅತ್ತೆಯೂ ಬಂದರು. ಸಹನಾ ಹಾಳೆ ನೋಡಿದಳು. ಮಿಠಾಯಿಯ ಸುತ್ತ ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತಿದಳು, ಮೂರು ದಿನಕ್ಕೆ ಮೂರು. ಹಾಲಿನ ಮೇಲೆ ಪೆನ್ನು ಹಾಯಿಸಿ ಕೆಳಗಿನ ಸಾಲಿಗೆ ಹೋದಳು. ಇದು ನಿಲ್ಲಬೇಕು ಅಜ್ಜಿ, ಎಂದಳು, ಮೆತ್ತಗೆ. ಅತ್ತೆ ತಲೆ ಆಡಿಸಿದರು. ಅವರ ಕೈ ಸೆರಗಿನ ಗಂಟಿನ ಮೇಲಿತ್ತು. ಆ ದಿನದ ಮಿಠಾಯಿ ಅದರೊಳಗೇ ಇತ್ತು.

ಮಹೇಶ ಕಾರಿಡಾರಿನಲ್ಲಿ ಬಾಯಿಗೆ ಬಂದದ್ದು ಅಂದರು. ಎಲ್ಲ ನೆನಪಿಲ್ಲ, ಒಂದು ನೆನಪಿದೆ:

"ಮಗೂನ ಮೇಲೆ ಪ್ರೀತಿ ಇದ್ರೆ ಬರಿಗೈಲಿ ಬರೋಕಾಗಲ್ವಾ ನಿಂಗೆ?"

ಅತ್ತೆ ನನ್ನ ಕಡೆ ಒಮ್ಮೆ ನೋಡಿದರು. ಆ ನೋಟವನ್ನು ಆಗ ನಾನು ಬೇಡಿಕೆ ಎಂದುಕೊಂಡೆ, ನನ್ನ ಪರವಾಗಿ ಒಂದು ಮಾತು ಆಡು ಎನ್ನುವಂಥದ್ದು. ನಾನು ಮಗುವಿನ ಚಪ್ಪಲಿ ಹಾಕಲು ಬಗ್ಗಿದೆ. ಮಾರನೆಯ ದಿನದಿಂದ ಅತ್ತೆ ಬರಲಿಲ್ಲ. ಮಂಡಿನೋವು ಎಂದು ನಾದಿನಿಯ ಕೈಲಿ ಹೇಳಿಕಳಿಸಿದರು.

ಇಂಚರ ಮೂರು ಗಂಟೆಗೆ ಬಾಗಿಲಲ್ಲಿ ಕೂರುತ್ತಿದ್ದಳು. ನಾಲ್ಕೂವರೆಗೆ ನಾನು ಸಿಪ್ಪರ್ ಕೊಡುತ್ತಿದ್ದೆ. ಅಜ್ಜಿ ಇಲ್ಲದ್ದರಿಂದ ಇನ್ನೂ ಸ್ವಲ್ಪ ಬೇಗ, ನಾಲ್ಕಕ್ಕೇ.

ಆಪರೇಷನ್‌ಗೆ ದಿನ ಗೊತ್ತಾಯಿತು. ಬೆಳಿಗ್ಗೆ ಆರು ಗಂಟೆಗೆ, ಖಾಲಿ ಹೊಟ್ಟೆಯಲ್ಲಿ, ಹೊಸ ಫ್ರಾಕ್ ಹಾಕಿ ಕರೆದುಕೊಂಡು ಹೋದರೆ ಮಂಪರಿನ ಡಾಕ್ಟರು ಎದೆಗೆ ಕೊಳವೆ ಇಟ್ಟು, ನೆಗಡಿ ಇದೆ, ಎದೆಯಲ್ಲಿ ಕಫ ಇದೆ, ಈಗ ಬೇಡ ಎಂದರು. ಇನ್ನೊಂದು ತಿಂಗಳು. ನನಗೆ ಅಳು ಬರಲಿಲ್ಲ. ಬಹಳ ಸುಸ್ತಾಗಿತ್ತು, ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟೆ. ಪಕ್ಕದ ಕುರ್ಚಿಯಲ್ಲಿದ್ದ ಹೆಂಗಸು ಮಾತಿಲ್ಲದೆ ತನ್ನ ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಬಗ್ಗಿಸಿ ಕೊಟ್ಟಳು. ಹೆಸರು ಫ್ಲೋರಾ. ಚರ್ಚಿನ ಹಿಂದಿನ ಬೀದಿಯಲ್ಲಿ ಅವಳದು ಹೊಲಿಗೆ ಅಂಗಡಿ. ಮಗನಿಗೆ ವರ್ಷದ ಹಿಂದೆ ಇದೇ ಆಗಿತ್ತು, ಈಗ ತೋರಿಸಲು ಬಂದಿದ್ದಳು.

ಅಷ್ಟರಲ್ಲಿ ಸಹನಾ ಕರೆದಳು. ಬಂದದ್ದು ಬಂದಿದ್ದೀರಿ, ಒಮ್ಮೆ ನೋಡಿಬಿಡುತ್ತೇನೆ ಎಂದು. ನೋಡಿದವಳು ದೀಪವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಚೆನ್ನಾಗಿದ್ದ ಕೋರೆಹಲ್ಲುಗಳ ಬುಡದಲ್ಲಿ ಹೊಸ ಬಿಳಿ ಗೆರೆ ಎದ್ದಿತ್ತು.

"ಮಿಠಾಯಿ ನಿಂತಿದೆ ಅಂದ್ರಿ?"

ಪೂರ್ತಿ ನಿಂತಿದೆ, ಅಜ್ಜಿ ಬರುವುದೇ ಇಲ್ಲ ಎಂದೆ.

ಅವಳು ಕನ್ನಡಿ ಹಿಡಿದು ನನಗೆ ತೋರಿಸಿದಳು. ಮೇಲಿನ ಮುಂದಿನ ಹಲ್ಲುಗಳೆಲ್ಲ ಕರಗಿವೆ, ಕೆಳಗಿನ ಮುಂದಿನ ನಾಲ್ಕು ಅಕ್ಕಿಕಾಳಿನ ಹಾಗೆ ಬೆಳ್ಳಗಿವೆ. ಚೀಪಿ ಕುಡಿಯುವಾಗ ನಾಲಗೆ ಅವುಗಳ ಮೇಲೆ ಕೂತು ಕಾಯುತ್ತದಂತೆ. ಮಿಠಾಯಿಗೆ ಹೀಗೆ ಮೇಲೆ ಕೆಳಗೆ ಅಂತ ಭೇದ ಇಲ್ಲ ಎಂದಳು. ಬಾಟಲಿ ಕೊಡ್ತೀರಾ? ಎಂದು ಕೇಳಿದಳು.

ಇಲ್ಲ ಎಂದೆ. ಅದೂ ನಿಜ. ಅದು ಬಾಟಲಿ ಅಲ್ಲ, ಸಿಪ್ಪರ್.

ಅವಳು ವಾದ ಮಾಡಲಿಲ್ಲ. ಹೊಸ ಹಾಳೆ ತೆಗೆದು, ಮೂರು ಕಾಲಮಿನ ಪಕ್ಕದಲ್ಲಿ ಸ್ಕೇಲ್ ಇಲ್ಲದೆ ಒಂದು ಸೊಟ್ಟ ಗೆರೆ ಎಳೆದು ನಾಲ್ಕನೆಯದನ್ನು ಮಾಡಿದಳು. ಅದರ ತಲೆಯ ಮೇಲೆ ಬರೆದಳು: ಎಷ್ಟು ಹೊತ್ತು ಬಾಯಲ್ಲಿತ್ತು.

ಹೊರಗೆ ಬಂದಾಗ ಫ್ಲೋರಾ ಹಾಳೆ ನೋಡಿ ನಕ್ಕಳು. ತನಗೂ ಮೊದಲ ಸಲ ಕೊಟ್ಟಾಗ ಪರೀಕ್ಷೆಗೆ ಬರೆದ ಹಾಗೆ ಬರೆದಿದ್ದಳಂತೆ, ಮುದ್ದೆ, ಸೊಪ್ಪು, ಹಣ್ಣು. ಆ ಮೂರು ದಿನ ಮನೆಯಲ್ಲಿ ಹಣ್ಣೇ ಇರಲಿಲ್ಲವಂತೆ.

"ಎರಡನೇ ಸಲ ನಿಜ ಬರೆದೆ ಕಣಮ್ಮ. ಯಾರೂ ಹೊಡೀಲಿಲ್ಲ. ಹಾಳೆ ತಾನೇ" ಎಂದಳು.

ಈ ಕಾಯಿಲೆಯಲ್ಲಿ ನನಗೆ ಸಿಕ್ಕ ಔಷಧಿಗಳಲ್ಲಿ ಆ ಕಾಫಿಯನ್ನೂ ಈ ಮಾತನ್ನೂ ಸೇರಿಸುತ್ತೇನೆ.

ಅದೇ ದಿನವೋ ಮಾರನೆಯ ದಿನವೋ ಅತ್ತೆಯ ಮನೆಗೆ ಹೋದೆ. ಮಾರನೆಯ ದಿನವೇ ಇರಬೇಕು. ಅದೇ ದಿನ ಹೋದೆ ಎಂದರೆ ನಾನು ಸ್ವಲ್ಪ ಒಳ್ಳೆಯವಳಾಗಿ ಕಾಣುತ್ತೇನೆ. ಅವರು ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಕೂತು ಸುಲಿಯಲು ತೊಡಗಿದೆ. ನಾಲ್ಕನೇ ಕಾಲಮಿನ ವಿಷಯ ಹೇಳಿದೆ. ಸಿಪ್ಪರಿನ ಹಾಲು ಮೂರೂವರೆ ಗಂಟೆ ಹೊತ್ತು ಬಾಯಲ್ಲಿತ್ತು ಎಂದು ಬರೆಯಬೇಕಾಗುತ್ತದೆ, ನಾನು ಮೊದಲ ಹಾಳೆಯಲ್ಲಿ ಬರೆದಿರಲಿಲ್ಲ ಎಂದೆ. ತಪ್ಪಾಯಿತು ಎನ್ನುವ ಮಾತು ಬಾಯಿಗೆ ಬರಲಿಲ್ಲ. ಹಾಳೆಯ ಮಾತನ್ನೇ ಸುತ್ತಿ ಸುತ್ತಿ ಹೇಳಿದೆ.

"ನಂಗೊತ್ತಿಲ್ವಾ? ದಿನಾ ಅದ್ನ ತೊಳೀತಿದ್ದೋಳು ನಾನಲ್ವೇನವ್ವಾ. ಹಿಂದಿನ ದಿನದ್ದು ತಳದಲ್ಲಿ ಅಂಟು ಅಂಟಾಗಿ ಕೂತಿರದು. ಬಿಸಿನೀರು ಹಾಕಿದ್ರೂ ಬುಡ್ತಿರ್ಲಿಲ್ಲ."

ಹಾಗಿದ್ದರೆ ಅವತ್ತು ಆಸ್ಪತ್ರೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಮಗನೇ ಹಾಗೆ ಅನ್ನುತ್ತಿದ್ದಾಗ?

ಅತ್ತೆ ಒಂದು ಹುಳುಕು ಕಾಳನ್ನು ಆಚೆ ಎಸೆದರು. "ಮಿಠಾಯಿ ಕೊಟ್ಟಿದ್ದು ನಾನೇ ತಾನೇ, ಸುಳ್ಳಲ್ವಲ್ಲ. ಮ್ಯಾಲೆ ನೀನು ಅಲ್ಲಿ ಗಂಟ್ಲು ಹರ್ಕೊಂಡು ಪಾಠ ಮಾಡ್ತಿದ್ದೆ. ಅದ್ನ ಕಿತ್ಕೊ ಅಂತ ಹೇಳುದ್ರೆ ಮಗೀನ ಯಾರು ನೋಡ್ಕೋಬೇಕು? ನಾನು ಏಳೂವರೆಗಂಟ ಕೂರ್ಬೇಕು. ನಂಗೂ ಮನೇಗೋಗಿ ಒಸಿ ಕಾಲು ನೀಡ್ಕೊಂಡ್ರೆ ಸಾಕಾಗಿತ್ತು. ನಾನೂ ಸುಮ್ನಾದೆ."

ನಾನು ಇದುವರೆಗೆ ಅತ್ತೆಯ ಮೌನವನ್ನು ತ್ಯಾಗ ಎಂದು ಬರೆಯಬೇಕೆಂದಿದ್ದೆ. ಅದು ಅವರ ಸುಸ್ತೂ ಆಗಿತ್ತು. ಹಾಗಾದರೆ ಆಸ್ಪತ್ರೆಯಲ್ಲಿ ಅವರು ನನ್ನನ್ನು ನೋಡಿದ್ದು? ಬೇಡಿಕೆ ಅಲ್ಲ. ನೋಡಿದ್ದು, ಅಷ್ಟೆ.

ಅತ್ತೆ ಸಿಪ್ಪೆ ಒಟ್ಟುಮಾಡುತ್ತಾ ಕೇಳಿದರು: "ಮಹೇಶಂಗೆ ಹೇಳಿದ್ಯಾ?"

ಇಲ್ಲ ಎಂದೆ.

"ಹೇಳು. ಆಮೇಲೆ ಬತ್ತೀನಿ."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಹಾಗೆಂದು ಬಿಟ್ಟುಕೊಡುವ ಹಾಗೂ ಇರಲಿಲ್ಲ. ಬರುವಾಗ ಸುಲಿದ ಕಾಳಿನಲ್ಲಿ ಅರ್ಧ ಕೊಟ್ಟು ಕಳಿಸಿದರು.

ಅವತ್ತು ಸಿಪ್ಪರ್ ಕೊಡಲಿಲ್ಲ. ಸ್ಟೀಲ್ ಲೋಟದಲ್ಲಿ ನೀರು ಇಟ್ಟೆ. ಇಂಚರ ಮೊದಲು ಕೇಳಿದಳು, ಆಮೇಲೆ ಅತ್ತಳು, ಆಮೇಲೆ ಲೋಟ ಎಸೆದಳು. ಪರದೆ ಹರಿಯಿತು. ಮೂರು ದಿನ ಹೀಗೆಯೇ. ಭಿನ್ನರಾಶಿ ಹೇಳಿಕೊಡುತ್ತಾ ನಾನು ಛೇದ ಎಲ್ಲಿ ಬಿಟ್ಟೆ ಎನ್ನುವುದೇ ತಿಳಿಯುತ್ತಿರಲಿಲ್ಲ. ಇಬ್ಬರು ಮಕ್ಕಳ ತಾಯಂದಿರು ಬಂದು, ಮನೆಯಲ್ಲಿ ಗಲಾಟೆ ಇದೆಯಂತೆ, ಪರೀಕ್ಷೆ ಮುಗಿದ ಮೇಲೆ ನೋಡೋಣ ಎಂದು ಬಿಡಿಸಿಕೊಂಡು ಹೋದರು. ರಾತ್ರಿ ಹಲ್ಲುಜ್ಜಿಸುವುದು ಇನ್ನೊಂದು ಯುದ್ಧ. ನಾನು ತಲೆ ಹಿಡಿಯುವುದು, ಮಹೇಶ ಕೈಕಾಲು ಹಿಡಿಯುವುದು. ಬೇರೆಯವರಿಗೆ ಉಪಯೋಗವಾಗಲಿ ಎಂದು ಬರೆಯುವವರು ಇಲ್ಲಿ ಒಂದು ಉಪಾಯ ಹೇಳುತ್ತಾರೆ. ನನ್ನ ಹತ್ತಿರ ಇಲ್ಲ. ಅವಳು ಅಳುತ್ತಿದ್ದಳು, ನಾವು ಉಜ್ಜುತ್ತಿದ್ದೆವು. ಒಂದು ದಿನ ಅಳು ಕಡಿಮೆಯಾಯಿತು.

ಹಾಳೆ ಪ್ರತಿದಿನ ತುಂಬುತ್ತಿದ್ದೆ. ಅದರ ಮೊದಲ ಸಾಲಾಗಿ ಸಿಪ್ಪರ್ ನಿಲ್ಲಿಸುವ ಹಿಂದಿನ ದಿನದ್ದನ್ನು ಬರೆದೆ: ನಾಲ್ಕರಿಂದ ಏಳೂವರೆ, ಹಾಲು ಸಕ್ಕರೆ ಬಾದಾಮಿ ಪುಡಿ, ಒಂದು ಲೋಟ, ಮೂರೂವರೆ ಗಂಟೆ. ಪಕ್ಕದಲ್ಲಿ, ಯಾರೂ ಕೇಳದಿದ್ದರೂ, ಕೊಟ್ಟವರು ತಾಯಿ ಎಂದು ಬರೆದೆ.

ಆ ಹಾಳೆಯನ್ನು ಮಹೇಶನ ತಟ್ಟೆಯ ಪಕ್ಕ ಇಟ್ಟೆ. ಬಾಯಲ್ಲಿ ಹೇಳುವ ಧೈರ್ಯ ಇರಲಿಲ್ಲ. ಅವರು ಓದಿ, ತಿರುಗಿಸಿ ಹಿಂಭಾಗ ನೋಡಿ, ಮತ್ತೆ ಓದಿದರು. ಅವ್ವನಿಗೆ ಗೊತ್ತಿತ್ತಾ ಎಂದು ಕೇಳಿದರು. ಗೊತ್ತಿತ್ತು ಎಂದೆ. ಊಟ ಅರ್ಧಕ್ಕೆ ಬಿಟ್ಟು ಚಪ್ಪಲಿ ಹಾಕಿಕೊಂಡರು. ಲಿಫ್ಟಿನಲ್ಲಿ ಯಾರೋ ಸಿಕ್ಕಿಕೊಂಡಾಗ ಏಳುವ ಹಾಗೆಯೇ ಎದ್ದರು. ತಾಯಿಯ ಮನೆಗೆ ಹೋದರು ಎನ್ನುವುದು ನಾದಿನಿಯಿಂದ ಗೊತ್ತಾಯಿತು. ಏನು ಮಾತಾಡಿದರೋ ಗೊತ್ತಿಲ್ಲ. ಆಮೇಲೆ ನನ್ನೊಡನೆ ಎಷ್ಟು ಬೇಕೋ ಅಷ್ಟೇ ಮಾತು, ಅದೂ ನಾನು ಕೇಳಿದರೆ. ಅದು ಬೈಗುಳಕ್ಕಿಂತ ಉದ್ದವಾಗಿತ್ತು.

ಸಹನಾ ಹಾಳೆ ನೋಡಿದಳು. ನಾನು ಕಾಯುತ್ತಿದ್ದ ಮಾತು ಯಾವುದೂ ಬರಲಿಲ್ಲ. ಸರಿ, ಸಿಕ್ತಲ್ಲ, ಎಂದಳು. ಕೋರೆಹಲ್ಲಿನ ಬಿಳಿ ಗೆರೆಗೆ ಏನೋ ಬಳಿದಳು. ಇವು ಉಳಿಯಬಹುದು ಎಂದಳು.

ಎರಡನೇ ಸಲ ಎದೆಯಲ್ಲಿ ಕಫ ಇರಲಿಲ್ಲ. ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡ ನರ್ಸಿನ ಬಳೆ ನೆನಪಿದೆ, ಮುಖ ನೆನಪಿಲ್ಲ. ಬಾಗಿಲು ಮುಚ್ಚಿದಾಗ ಇಂಚರ ಅಮ್ಮಾ ಎಂದಳೋ ಅಜ್ಜೀ ಎಂದಳೋ ಎನ್ನುವ ಬಗ್ಗೆ ನನಗೂ ಮಹೇಶನಿಗೂ ಇವತ್ತಿಗೂ ಒಮ್ಮತವಿಲ್ಲ. ಎರಡೂವರೆ ಗಂಟೆ. ನಾವು ಇಬ್ಬರೂ ದಂತವಿಲ್ಲದ ಆನೆಯನ್ನು ನೋಡುತ್ತಾ ಕೂತಿದ್ದೆವು. ಮಹೇಶ ಒಮ್ಮೆ ಎದ್ದು ಹೋಗಿ ಆಸ್ಪತ್ರೆಯ ಲಿಫ್ಟಿನ ಸದ್ದು ಕೇಳಿ ಬಂದರು. ಬೇರಿಂಗ್ ಹೋಗಿದೆ ಎಂದರು. ಅಷ್ಟೂ ದಿನದಲ್ಲಿ ಅವರು ತಾವಾಗಿ ನನ್ನೊಡನೆ ಆಡಿದ ಮೊದಲ ಮಾತು. ಹೌದಾ ಎಂದೆ.

ಹೊರಗೆ ತಂದಾಗ ತುಟಿ ಊದಿ, ಗಲ್ಲದ ಮೇಲೆ ಒಣಗಿದ ರಕ್ತ. ಕಣ್ಣು ಬಿಟ್ಟು, ಮತ್ತೆ ಮುಚ್ಚಿ, ನಾಲಗೆಯಿಂದ ಮುಂದಿನ ಖಾಲಿ ಜಾಗವನ್ನು ಹುಡುಕುತ್ತಿದ್ದಳು. ಅವಳ ನಾಲಗೆ ಆ ಜಾಗಕ್ಕೆ ಹೋಗಿ ಬರುವುದನ್ನು ನೋಡುತ್ತಾ ಇದ್ದೆ. ಅವಳಿಗೆ ಹೊಸ ಹಲ್ಲು ಬರಲು ಇನ್ನು ಮೂರು ವರ್ಷವಾದರೂ ಬೇಕು. ಅಲ್ಲಿಯವರೆಗೆ ಅವಳ ಎಲ್ಲ ಫೋಟೋಗಳಲ್ಲಿ ಆ ಕಿಟಕಿ ಇರುತ್ತದೆ. ಪರವಾಗಿಲ್ಲ. ಆ ವಾರದ ಕೊನೆಗೆ ಅವಳು ಅನ್ನ ಬಾಯಿಗೆ ಹಾಕಿ ಅಗಿದು ನುಂಗಿದಳು, ಮತ್ತೆ ಬಾಯಿ ತೆರೆದಳು. ಊಟ ಹದಿನೈದು ನಿಮಿಷದಲ್ಲಿ ಮುಗಿಯಿತು. ನಾಲ್ಕನೇ ಕಾಲಮಿನಲ್ಲಿ ಹಾಗೇ ಬರೆದೆ.

ಇದೆಲ್ಲ ಆಗಿ ಒಂದು ವರ್ಷ. ಇನ್ನೂ ಮೂರು ತಿಂಗಳಿಗೊಮ್ಮೆ ಆ ಕಾರಿಡಾರಿಗೆ ಹೋಗಿ ಕೂರುತ್ತೇವೆ. ಕೋರೆಹಲ್ಲುಗಳು ಹಾಗೇ ಇವೆ. ಈಗ ಇಂಚರ ಟ್ಯೂಷನ್ ಹೊತ್ತಿನಲ್ಲಿ ಪರದೆಯ ಈಚೆಗೇ ಕೂರುತ್ತಾಳೆ, ಹನ್ನೆರಡು ಮಕ್ಕಳ ನಡುವೆ, ಸ್ಲೇಟು ಹಿಡಿದು, ಬಾಯಿ ತುಂಬ ಮಾತಾಡುತ್ತಾ. ಪಾಠ ಕೆಡುತ್ತದೆ. ನಾನು ಗದರುತ್ತೇನೆ. ಅವಳು ನಕ್ಕರೆ ಹಿಂದೆ ಬೆಳ್ಳಿ ಹೊಳೆಯುತ್ತದೆ, ಐದನೇ ಕ್ಲಾಸಿನವರಿಗೆ ಅದರ ಮೇಲೆ ಹೊಟ್ಟೆಕಿಚ್ಚು. ಈಗಲೂ ಆ ಕಾರಿಡಾರಿನಲ್ಲಿ ಹಾಳೆ ಹಿಡಿದು ಕೂತ ಯಾವ ತಾಯಿಯನ್ನು ಕಂಡರೂ ಪಕ್ಕದಲ್ಲಿ ಹೋಗಿ ಕೂರುತ್ತೇನೆ. ಏನೂ ಹೇಳುವುದಿಲ್ಲ. ಫ್ಲಾಸ್ಕ್ ಒಯ್ಯಲು ಕಲಿತಿದ್ದೇನೆ.

ಅತ್ತೆ ಬಂದದ್ದು ಆಪರೇಷನ್ ಆದ ಎರಡನೇ ದಿನ, ಮೂರು ಗಂಟೆಗೆ. ಬಾಗಿಲಲ್ಲೇ ನಿಂತರು. ಇಂಚರ ಊದಿದ ತುಟಿಯಲ್ಲೇ ಓಡಿಹೋಗಿ ಸೆರಗು ಹಿಡಿದಳು. ಸೆರಗಿನಲ್ಲಿ ಗಂಟು ಇತ್ತು. ಬೇಡ ಎನ್ನಲು ಬಾಯಿ ತೆರೆದೆ. ಆ ಮಾತು ಆಡುವ ಹಕ್ಕು ನನಗಿಲ್ಲ ಎಂದು ಮುಚ್ಚಿದೆ. ಮಗು ಎರಡೂ ಕೈಯಿಂದ ಗಂಟು ಬಿಚ್ಚಿತು. ಅತ್ತೆ ಅದನ್ನು ಬಿಗಿಯಾಗಿ ಕಟ್ಟಿದ್ದರು, ಬಿಚ್ಚಲು ತುಂಬ ಹೊತ್ತು ಹಿಡಿಯುವ ಹಾಗೆ. ಒಳಗೆ ಏನೂ ಇರಲಿಲ್ಲ.

ಇಂಚರ ಬಟ್ಟೆ ಕೊಡವಿ ನೋಡಿದಳು, ಅಜ್ಜಿಯ ಮುಖ ನೋಡಿದಳು. ಆಮೇಲೆ ಸೆರಗಿನ ತುದಿಯನ್ನು ಅವರ ಕೈಗೆ ಕೊಟ್ಟು, "ಇನ್ನೊಂದ್ಸಲ ಕಟ್ಟು" ಎಂದಳು.

ಗಂಟಿನಲ್ಲಿ ಹುರಿಗಡಲೆ ಇತ್ತು, ತಾವೂ ಒಂದು ಕಾಳು ತಿಂದದ್ದು ನೆನಪಿದೆ ಎನ್ನುತ್ತಾರೆ ಮಹೇಶ. ಇರಬಹುದು. ಆ ದಿನದ ಹಾಳೆ ತೆಗೆದು ನೋಡಿದೆ. ಮೂರು ಗಂಟೆಗೆ ಎಂದು ಬರೆದು, ಮುಂದೆ ಅಜ್ಜಿ ಎಂದಷ್ಟೇ ಬರೆದಿದ್ದೇನೆ. ನಾಲ್ಕನೇ ಕಾಲಮಿನಲ್ಲಿ, ಏಳೂವರೆಯವರೆಗೆ.